ಬಚ್ಚಲ ಮಾಡಿಗೆ ಕಣಜ ಗೂಡು ಕಟ್ಟಿದೆ, ಸುಡದೆ ತೆಗೆಯುವುದು ಹೇಗೆ?

ಹೊಳೆದಂಡೆ (ಕುಮಟಾ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮದು ಕುಮಟಾ ಹತ್ತಿರದ ಹಳೇ ಹಂಚಿನ ಮನೆ. ಬಚ್ಚಲಿಗೆ ಹೋಗುವ ದಾರಿಯಲ್ಲಿ, ಮಾಡಿನ ಅಂಚಿನ ಮರದ ಪಕಾಸಿಗೆ ಕಣಜ ಗೂಡು ಕಟ್ಟಿದೆ. ಬೂದು ಬಣ್ಣ, ಅಂಗೈ ಅಗಲ. ಕೆಳಗಿನಿಂದ ನೋಡಿದರೆ ಸಣ್ಣ ಸಣ್ಣ ಕೋಣೆಗಳು ಕಾಣುತ್ತವೆ. ಹತ್ತಿಪ್ಪತ್ತು ಹುಳ ಯಾವಾಗಲೂ ಅದರ ಮೇಲೆ ಕೂತಿರುತ್ತವೆ. ನಮ್ಮ ಮಾಣಿ ಟವೆಲ್ ಬೀಸಿಕೊಂಡು ಅದರ ಕೆಳಗೇ ಓಡಿದ, ಹುಬ್ಬಿನ ಹತ್ತಿರ ಕಚ್ಚಿಬಿಟ್ಟಿತು. ಕಣ್ಣು ಮುಚ್ಚುವಷ್ಟು ಊದಿತ್ತು. ಈಗ ಇಳಿದಿದೆ, ಆದರೆ ಬಚ್ಚಲಿಗೆ ಹೋಗಲು ಅಳುತ್ತಾನೆ.

ಅತ್ತೆ ರಾತ್ರಿ ಒಣ ಗರಿಯ ಸೂಡಿ ಹಚ್ಚಿ ಸುಟ್ಟುಬಿಡೋಣ ಅನ್ನುತ್ತಾರೆ. ಪಕ್ಕದಲ್ಲೇ ಕಟ್ಟಿಗೆ, ತೆಂಗಿನ ಗರಿ ಒಟ್ಟಿದ್ದೇವೆ, ನನಗೆ ಹೆದರಿಕೆ. ಇವರು ಅಂಗಡಿಯಿಂದ ಜಿರಲೆ ಸ್ಪ್ರೇ ತಂದಿಟ್ಟಿದ್ದಾರೆ. ನೆಟ್‌ನಲ್ಲಿ ನೋಡಿದರೆ ಚಳಿಗಾಲ ಬರಲಿ, ತಾವೇ ಸಾಯುತ್ತವೆ ಅಂತ ಇದೆ. ಹೌದಾ?

ಇನ್ನೂ ಎರಡು ಗೂಡು ಇವೆ. ಹಿತ್ತಲ ನಿಂಬೆ ಗಿಡದಲ್ಲಿ ಇಂಥದೇ ಸಣ್ಣದು. ಜಗಲಿಯ ಸ್ವಿಚ್ ಬೋರ್ಡ್ ಪಕ್ಕ ಮಣ್ಣಿನದು. ಮೂರನ್ನೂ ತೆಗೆಯಬೇಕಾ?

ತೋಟದಮನೆ ಅಕ್ಕ (ಶಿರಸಿ) ಬರೆದದ್ದು:

ತಂಗಿ, ಮೊದಲು ಸೂಡಿಯ ವಿಷಯ. ಖಂಡಿತ ಬೇಡ. ವರ್ಷಗಟ್ಟಲೆ ಬಚ್ಚಲ ಹೊಗೆ ತಿಂದು ಒಣಗಿದ ಪಕಾಸು ಅದು. ಒಂದು ಕಿಡಿ ರೀಪಿನ ಸಂದಿಗೆ ಹೊಕ್ಕರೆ ಹಂಚಿನ ಅಡಿಯಲ್ಲಿ ಬೆಂಕಿ ಹರಿಯುವುದು ಕಣ್ಣಿಗೇ ಬೀಳುವುದಿಲ್ಲ. ಸೂಡಿ ಹಿಡಿದವರು ಗೂಡಿನ ಸರೀ ಕೆಳಗೆ, ಸ್ಟೂಲ್ ಮೇಲೆ ನಿಂತಿರುತ್ತಾರೆ. ಅರ್ಧ ಸುಟ್ಟ ಹುಳ ಬೀಳುವುದು ಅವರ ಮೈಮೇಲೇ. ಅತ್ತೆಗೆ ಇಷ್ಟು ಹೇಳಿ, ಒಪ್ಪುತ್ತಾರೆ.

ಮೂರನ್ನೂ ತೆಗೆಯಬೇಕಿಲ್ಲ. ಗೂಡು ಎಲ್ಲಿದೆ, ಅದರ ಹತ್ತಿರ ಯಾರು ಓಡಾಡುತ್ತಾರೆ, ಅಷ್ಟೇ ನೋಡಿ.

ಮಣ್ಣಿನದು ಕುಂಬಾರ ಹುಳದ್ದು. ಒಂದೇ ಹುಳ ಕಟ್ಟುತ್ತದೆ. ಹುಳುವನ್ನೋ ಜೇಡವನ್ನೋ ಚುಚ್ಚಿ ಜಡ ಮಾಡಿ ಒಳಗೆ ತುಂಬಿ, ಮೊಟ್ಟೆ ಇಟ್ಟು, ಬಾಯಿ ಮುಚ್ಚಿ ಹೋಗುತ್ತದೆ. ಗೂಡು ಕಾಯಲು ಮೈಮೇಲೆ ಬರುವ ಜಾತಿ ಅಲ್ಲ. ಬೋರ್ಡಿನ ಒಳಗೆ ಅಥವಾ ಪಂಪಿನ ಪೈಪಿನ ಬಾಯಲ್ಲಿ ಇದ್ದರೆ ಕರೆಂಟ್ ತೆಗೆದು ಕೆರೆದು ಹಾಕಿ. ಗೋಡೆ ಮೇಲಿದ್ದರೆ ಸುಮ್ನೆ ಬಿಡಿ.

ನಿಂಬೆ ಗಿಡದ್ದನ್ನು ನಾನಾದರೆ ಬಿಡುತ್ತೇನೆ. ನಿಂಬೆಯ ಚಿಗುರು ತಿನ್ನುವ ಹಸಿರು ಹುಳು ನೋಡಿದ್ದೀರಲ್ಲ, ಚಿಟ್ಟೆಯ ಮರಿ. ಕಣಜ ಅದನ್ನು ಹಿಡಿದು, ಎಲೆ ಮೇಲೇ ಕೂತು, ಮುಂಗಾಲಲ್ಲಿ ತಿರುಗಿಸುತ್ತಾ ಜಗಿದು ಜಗಿದು ಮೆಣಸಿನ ಕಾಳಿನಷ್ಟು ಹಸಿರು ಉಂಡೆ ಮಾಡುತ್ತದೆ. ಆಮೇಲೆ ಗೂಡಿಗೆ ಒಯ್ದು ಮರಿಗಳಿಗೆ ಕೊಡುತ್ತದೆ. ದೊಡ್ಡ ಹುಳ ಸ್ವತಃ ಕುಡಿಯುವುದು ಹೂವಿನ ರಸ. ಕಣಜ ಇರುವ ಗಿಡಕ್ಕೆ ನಾನು ಮದ್ದು ಹೊಡೆಯುವುದಿಲ್ಲ. ಕಾಯಿ ಕೊಯ್ಯುವಾಗ ಆ ಕೊಂಬೆ ಬಿಟ್ಟು ಕೊಯ್ಯಿರಿ. ಮಾಣಿ ಅಲ್ಲೇ ಆಡುತ್ತಾನೆ ಅಂದರೆ ಅದು ಬೇರೆ ಮಾತು, ಆಗ ತೆಗೆಯಲೇಬೇಕು.

ಬಚ್ಚಲಿನದು ತೆಗೆಯಬೇಕು. ಕಾಯುತ್ತಾ ಕೂರಬೇಡಿ. ಚಳಿಗಾಲಕ್ಕೆ ಸಾಯುತ್ತವೆ ಅನ್ನುವುದು ಹಿಮ ಬೀಳುವ ದೇಶದ ಮಾತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗ್‌ಕರ್ ಅವರು ದಶಕಗಳ ಕಾಲ ನಮ್ಮ ಕಡೆಯ, ಕಾಗದದಂಥ ಗೂಡು ಕಟ್ಟುವ ಕಣಜವನ್ನೇ ಅಭ್ಯಾಸ ಮಾಡಿದವರು. ರೊಪಲಿಡಿಯಾ ಮಾರ್ಜಿನೇಟಾ ಅಂತ ಅದರ ಹೆಸರು. ಅದು ವರ್ಷದ ಯಾವ ತಿಂಗಳಲ್ಲಾದರೂ ಗೂಡು ಶುರು ಮಾಡುತ್ತದೆ. ರಾಣಿ ಸತ್ತರೆ ಇನ್ನೊಂದು ಹೆಣ್ಣು ರಾಣಿಯಾಗಿ ಅದೇ ಗೂಡು ಮುಂದುವರಿಯುತ್ತದೆ. ಡಿಸೆಂಬರ್‌ನಲ್ಲೂ ಗೂಡು ತುಂಬಿರುತ್ತದೆ.

ತೆಗೆಯುವುದು ಹೀಗೆ. ಕತ್ತಲಾದ ಮೇಲೆ, ಎಲ್ಲ ಹುಳ ಗೂಡಿಗೆ ಬಂದಿರುವಾಗ. ಆ ದಿನ ಹಂಡೆಯ ಒಲೆ ಹಚ್ಚಬೇಡಿ, ಬಚ್ಚಲ ಲೈಟೂ ಬೇಡ. ಬಕೆಟ್ ನೀರಿಗೆ ಪಾತ್ರೆ ತೊಳೆಯುವ ಸೋಪಿನ ನೀರು ಧಾರಾಳ ಕಲಸಿ, ಗಿಡಕ್ಕೆ ಹೊಡೆಯುವ ಕೈಪಂಪಿಗೆ ತುಂಬಿಸಿ. ನಳಿಕೆಯನ್ನು ಹನಿ ಹನಿಯಾಗಿ ಅಲ್ಲ, ನೇರ ಧಾರೆ ಬರುವ ಹಾಗೆ ತಿರುಗಿಸಿ. ದಪ್ಪ ತುಂಬು ತೋಳಿನ ಅಂಗಿ, ಪ್ಯಾಂಟು, ಕೈಗವಸು, ತಲೆಗೆ ಜೇನು ಪರದೆ. ನಮ್ಮೂರಲ್ಲಾದರೆ ಜೇನು ಪೆಟ್ಟಿಗೆ ಇಟ್ಟ ಯಾರ ಮನೆಯಲ್ಲಾದರೂ ಪರದೆ ಸಿಗುತ್ತದೆ, ನಿಮ್ಮಲ್ಲೂ ಕೇಳಿ ನೋಡಿ. ಟಾರ್ಚ್ ಕೈಯಲ್ಲಿ ಹಿಡಿಯಬೇಡಿ, ಹುಳ ಬೆಳಕಿಗೇ ಬರುತ್ತದೆ. ದೂರದ ಕಟ್ಟೆ ಮೇಲಿಟ್ಟು ಗಾಜಿಗೆ ಕೆಂಪು ಪ್ಲಾಸ್ಟಿಕ್ ಕಟ್ಟಿ. ಕೆಂಪು ಬೆಳಕು ಅವಕ್ಕೆ ಸರಿಯಾಗಿ ಕಾಣುವುದಿಲ್ಲ.

ಗೂಡಿನ ಕೆಳಗೆ ನಿಲ್ಲಬೇಡಿ, ಪಕ್ಕಕ್ಕೆ ಸರಿದು ನಿಲ್ಲಿ. ಹಿಂದೆ ಓಡಲು ದಾರಿ ಖಾಲಿ ಇರಲಿ. ಸೋಪಿನ ನೀರು ಮೈಗೆ ಹತ್ತಿದರೆ ಅವಕ್ಕೆ ಹಾರಲು ಬರುವುದಿಲ್ಲ, ಉಸಿರಾಡುವ ತೂತು ಮುಚ್ಚಿ ಸಾಯುತ್ತವೆ. ಪೂರ್ತಿ ತೋಯುವ ತನಕ ನಿಲ್ಲಿಸಬೇಡಿ. ಬೆಳಿಗ್ಗೆ ದೋಟಿಯಿಂದ ಗೂಡು ಕೆಡವಿ. ಸತ್ತ ಹುಳವನ್ನೂ ಬರಿಗೈಯಲ್ಲಿ ಮುಟ್ಟಬೇಡಿ, ಮುಳ್ಳು ಚುಚ್ಚುತ್ತದೆ. ಗೂಡು ನೇತಾಡುವ ಕರಿ ತೊಟ್ಟು ಪಕಾಸಿನಲ್ಲೇ ಉಳಿಯುತ್ತದೆ, ಅದನ್ನೂ ಚಾಕುವಿನಿಂದ ಕೆರೆಯಿರಿ. ಹೊರಗೆ ಉಳಿದಿದ್ದ ಒಂದೆರಡು ಹುಳ ಅದೇ ಜಾಗಕ್ಕೆ ಬಂದು ಸುತ್ತುತ್ತವೆ. ಮಾಣಿಯನ್ನು ಅಷ್ಟು ದಿನ ಬೇರೆ ದಾರಿಯಿಂದ ಕರೆದುಕೊಂಡು ಹೋಗಿ.

ಜಿರಲೆ ಸ್ಪ್ರೇಯಿಂದಲೂ ಹುಳ ಸಾಯುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಅದು ಬೆಂಕಿ ಹತ್ತುವ ವಸ್ತು, ಕೆಳಗೇ ಒಲೆ, ಸ್ನಾನದ ಹಂಡೆ. ನಾನು ಅಲ್ಲಿ ಬಳಸುವುದಿಲ್ಲ. ಹಿಂದೆ ಕಚ್ಚಿ ಉಸಿರು ಕಟ್ಟಿದವರು ಮನೆಯಲ್ಲಿ ಇದ್ದರೆ ಅವರಂತೂ ಈ ಕೆಲಸಕ್ಕೆ ಹೋಗಲೇಬಾರದು.

ಇಷ್ಟೆಲ್ಲ ಪಾಡು ಬೇಡ ಅಂದರೆ ಗೂಡು ನಾಣ್ಯದಷ್ಟು ಇರುವಾಗಲೇ ಹಿಡಿಯಬೇಕು. ಶುರುವಿನಲ್ಲಿ ಹೆಚ್ಚಾಗಿ ಒಂದೋ ಎರಡೋ ಹೆಣ್ಣು ಹುಳ ಇರುತ್ತವೆ. ಬಣ್ಣ ಹಚ್ಚದ ಹಳೇ ಬಾಗಿಲು, ಬೇಲಿ ಗೂಟದ ಮೇಲೆ ಕೂತು ನಾರು ಕೆರೆಯುತ್ತವೆ. ಹತ್ತಿರ ಕಿವಿ ಕೊಟ್ಟರೆ ಕರಕರ ಕೇಳುತ್ತದೆ. ಕೆರೆದ ಕಡೆ ಮರದ ಮೇಲೆ ಬಿಳಿ ಗೆರೆ ಉಳಿಯುತ್ತದೆ. ಅದನ್ನೇ ಎಂಜಲಲ್ಲಿ ಕಲಸಿ ಗೂಡು. ಹಗಲು ಹುಳ ಹೊರಗೆ ಹೋದದ್ದು ನೋಡಿಕೊಂಡು ಉದ್ದ ಹಿಡಿಯ ಪೊರಕೆಯಲ್ಲಿ ಕೆರೆದರೆ ಮುಗಿಯಿತು. ಮಳೆಗಾಲಕ್ಕೆ ಕಟ್ಟಿಗೆ ತುಂಬುವ ಮೊದಲು, ದೀಪಾವಳಿಗೆ ಮನೆ ಗುಡಿಸುವಾಗ, ಹೀಗೆ ಆಗಾಗ ಮಾಡಿನ ಅಂಚು, ಕೊಟ್ಟಿಗೆ, ನೀರಿನ ಟ್ಯಾಂಕಿನ ಅಡಿ ನೋಡುತ್ತಿರಿ. ಕಾಗದದ ಚೀಲ ಊದಿಸಿ ನೇತು ಹಾಕಿದರೆ ಬರುವುದಿಲ್ಲ ಅನ್ನುತ್ತಾರೆ. ನಮ್ಮ ಕೊಟ್ಟಿಗೆಯಲ್ಲಿ ಚೀಲದ ಪಕ್ಕದಲ್ಲೇ ಕಟ್ಟಿದ್ದವು.

ಬಿಳಿಸೀರೆ (ಅಂಕೋಲಾ) ಬರೆದದ್ದು:

ನಾನು ನರ್ಸ್. ಅಕ್ಕ ಹೇಳಿದ್ದಕ್ಕೆ ಕಚ್ಚಿದಾಗಿನ ಮಾತು ಸೇರಿಸುತ್ತೇನೆ.

ಕಚ್ಚಿದ ಜಾಗ ಸೋಪು ನೀರಿನಿಂದ ತೊಳೆದು, ಬಟ್ಟೆಯಲ್ಲಿ ಐಸ್ ಸುತ್ತಿ ಇಡಿ. ಕೈಗೆ ಕಚ್ಚಿದ್ದರೆ ಊದುವ ಮೊದಲೇ ಬಳೆ, ಉಂಗುರ ತೆಗೆಯಿರಿ. ಜೇನಾದರೆ ಮುಳ್ಳು ಚರ್ಮದಲ್ಲೇ ಉಳಿಯುತ್ತದೆ, ತಡ ಮಾಡದೆ ಕೆರೆದು ತೆಗೆಯಬೇಕು. ಕಣಜದ ಮುಳ್ಳು ಸಾಮಾನ್ಯವಾಗಿ ಉಳಿಯುವುದಿಲ್ಲ, ಅದಕ್ಕೇ ಒಂದೇ ಹುಳ ಮತ್ತೆ ಮತ್ತೆ ಚುಚ್ಚುತ್ತದೆ. ಸುಣ್ಣ ಹಚ್ಚಬೇಡಿ, ಅದರಲ್ಲೂ ಕಣ್ಣಿನ ಹತ್ತಿರ. ಸುಣ್ಣದಿಂದಲೇ ಚರ್ಮ ಸುಟ್ಟು ಬಂದ ಮಕ್ಕಳನ್ನು ನೋಡಿದ್ದೇನೆ.

ಕಚ್ಚಿದ ಕಡೆ ಮಾತ್ರ ಊದಿದರೆ ಗಾಬರಿ ಬೇಡ. ಮೈಯೆಲ್ಲ ದದ್ದು, ತುಟಿ ನಾಲಿಗೆ ಊತ, ಉಸಿರಿಗೆ ಕಷ್ಟ, ವಾಂತಿ, ತಲೆ ತಿರುಗುವುದು, ಇವು ಕಂಡರೆ ಒಂದು ನಿಮಿಷವೂ ಮನೆಯಲ್ಲಿ ಕಳೆಯಬೇಡಿ. 108ಕ್ಕೆ ಫೋನ್ ಮಾಡಿ, ಅಥವಾ ಇದ್ದ ಗಾಡಿಯಲ್ಲೇ ಆಸ್ಪತ್ರೆಗೆ ಹೊರಡಿ. ಅಲ್ಲಿ ತೊಡೆಗೆ ಕೊಡುವ ಅಡ್ರಿನಲಿನ್ ಇಂಜೆಕ್ಷನ್ನೇ ಜೀವ ಉಳಿಸುವುದು. ದಾರಿಯಲ್ಲಿ ಮಲಗಿಸಿ ಕಾಲು ಎತ್ತರಕ್ಕಿಡಿ. ಉಸಿರು ಕಟ್ಟುತ್ತಿದ್ದರೆ ಕೂರಿಸಿಯೇ ಕರೆದೊಯ್ಯಿರಿ, ಎದ್ದು ನಡೆಸಬೇಡಿ.

ತುಂಬಾ ಹುಳ ಸೇರಿ ಕಚ್ಚಿದ್ದರೆ ಅಲರ್ಜಿ ಇಲ್ಲದಿದ್ದರೂ ಆಸ್ಪತ್ರೆಗೆ ಹೋಗಲೇಬೇಕು. ವಿಷ ಜಾಸ್ತಿಯಾದರೆ ಕಿಡ್ನಿಗೆ ಪೆಟ್ಟು ಬೀಳುತ್ತದೆ. ಮೂತ್ರ ಕಡಿಮೆಯಾಗುವುದು, ಚಹಾ ಡಿಕಾಕ್ಷನ್ ಬಣ್ಣಕ್ಕೆ ತಿರುಗುವುದು ಆಮೇಲೆ ಕಾಣುತ್ತದೆ. ನೋವು ಇಳಿಯಿತು ಅಂತ ಬಿಡಬೇಡಿ.

ಕೋಡಿಬಾಗ (ಕಾರವಾರ) ಬರೆದದ್ದು:

ಅಕ್ಕಾ, ನಮ್ಮ ಹಿತ್ತಲಿನದು ಬೇರೆ ಥರ. ಚಿರೇಕಲ್ಲಿನ ಪಾಗಾರ ಗೋಡೆಯ ಬುಡದಲ್ಲಿ ಒಂದು ತೂತು. ಅದರಿಂದ ದೊಡ್ಡ ಕಪ್ಪು ಹುಳ ಬರುತ್ತವೆ, ಹೊಟ್ಟೆಗೆ ಹಳದಿ ಪಟ್ಟೆ. ಮೀನು ಕೊಯ್ಯುವ ಕಲ್ಲಿನ ಹತ್ತಿರವೂ ಸುಳಿಯುತ್ತವೆ. ತೂತಿಗೆ ಪೆಟ್ರೋಲ್ ಸುರಿದು ಸಿಮೆಂಟ್ ಹಾಕಿಬಿಡು ಅಂತ ಪಕ್ಕದವರು ಹೇಳುತ್ತಾರೆ.

ತೋಟದಮನೆ ಅಕ್ಕ (ಶಿರಸಿ) ಬರೆದದ್ದು:

ತಮ್ಮಾ, ಅದಕ್ಕೆ ನೀನು ಕೈ ಹಾಕಬೇಡ. ನೀನು ಹೇಳಿದ ಗುರುತು ನೋಡಿದರೆ ಅದು ದೊಡ್ಡ ಕಡಜ. ಸಣ್ಣ ಕಣಜದ ಗೂಡಿಗೇ ನುಗ್ಗಿ ಮರಿ ತಿನ್ನುವ ಜಾತಿ, ನಮ್ಮ ತುಡುವೆ ಜೇನಿನ ಪೆಟ್ಟಿಗೆಯ ಬಾಗಿಲಲ್ಲೂ ಹೊಂಚು ಹಾಕುತ್ತದೆ. ಜೇನು ಹಿಡಿಯಲು ಬಂದದ್ದನ್ನು ನಾವು ಶಟಲ್ ಬ್ಯಾಟಿನಲ್ಲಿ ಹೊಡೆದು, ಪೆಟ್ಟಿಗೆಯ ಬಾಗಿಲು ಕಿರಿದು ಮಾಡುತ್ತೇವೆ. ಆದರೆ ಗೂಡಿನ ಹತ್ತಿರ ಹೋಗುವುದಿಲ್ಲ.

ಪೆಟ್ರೋಲ್ ಮಣ್ಣಿಗೆ ಇಳಿದು ಬಾವಿ ಸೇರುತ್ತದೆ, ಬೆಂಕಿಯ ಅಪಾಯ ಬೇರೆ. ಸಿಮೆಂಟ್ ಹಾಕಿದರೆ ಕಲ್ಲಿನ ಇನ್ನೊಂದು ಸಂದಿಯಿಂದ ದಾರಿ ಮಾಡಿಕೊಂಡು ಸಿಟ್ಟಿನಲ್ಲೇ ಹೊರಗೆ ಬರುತ್ತವೆ. ಆ ಮೂಲೆಗೆ ಯಾರೂ ಹೋಗದ ಹಾಗೆ ದೂರದಲ್ಲೇ ಹಗ್ಗ ಕಟ್ಟು. ಹುಲ್ಲು ಕತ್ತರಿಸುವ ಯಂತ್ರ ಅಲ್ಲಿ ಓಡಿಸಲೇಬೇಡ, ಅದರ ನಡುಕಕ್ಕೇ ಎಲ್ಲ ಏಳುತ್ತವೆ. ಮೀನಿನ ಕಸ ಮುಚ್ಚಳ ಇರುವ ಡಬ್ಬಿಗೆ ಹಾಕು, ಕಲ್ಲು ತೊಳೆದು ಬಿಡು. ಬಿದ್ದ ಗೇರುಹಣ್ಣು, ಮಾವು ಕೊಳೆಯಲು ಬಿಡಬೇಡ. ಗೂಡು ತೆಗೆಸಲು ಪೂರ್ತಿ ಮೈ ಮುಚ್ಚುವ ಉಡುಪು ಇದ್ದು, ಈ ಕೆಲಸ ಗೊತ್ತಿದ್ದವರನ್ನೇ ಕರೆಸು. ಪಂಚಾಯಿತಿಯಲ್ಲೋ ಅಗ್ನಿಶಾಮಕ ಠಾಣೆಯಲ್ಲೋ ಕೇಳಿದರೆ ಯಾರು ಬರುತ್ತಾರೆ ಅಂತ ತಿಳಿಯುತ್ತದೆ.

ಅಕಸ್ಮಾತ್ ಎದ್ದುಬಂದರೆ ಕೈ ಬೀಸುತ್ತಾ ನಿಲ್ಲಬೇಡ. ಚುಚ್ಚಿದ ಜಾಗದ ವಾಸನೆಗೆ ಉಳಿದವೂ ಬರುತ್ತವೆ. ಅಂಗಿ ಎಳೆದು ಮುಖ ಮುಚ್ಚಿಕೊಂಡು, ಮನೆಯೊಳಗೆ ಸೇರಿ ಬಾಗಿಲು ಹಾಕುವ ತನಕ ಓಡು. ನೀರಿಗೆ ಹಾರುವುದು ಬೇಡ, ತಲೆ ಎತ್ತಿದ ಕೂಡಲೇ ಮತ್ತೆ ಕಚ್ಚುತ್ತವೆ.

ಹೊಳೆದಂಡೆ (ಕುಮಟಾ) ಬರೆದದ್ದು:

ಅಕ್ಕಾ, ಸೋಪಿನ ನೀರಿನಲ್ಲೇ ಆಯಿತು. ಜೇನು ಪರದೆ ಕೊಟ್ಟ ಪಕ್ಕದ ಮನೆ ಭಾವನೇ ಬಂದು ಪಂಪು ಹಿಡಿದರು. ಅತ್ತೆ ಬೆಳಿಗ್ಗೆ ತೊಟ್ಟು ಕೆರೆಸುವ ತನಕ ಅಲ್ಲೇ ನಿಂತಿದ್ದರು. ನಿಂಬೆಯದು ಬಿಟ್ಟಿದ್ದೇವೆ. ಇನ್ನೊಂದು ಕೇಳಬೇಕು. ತೋಟದಲ್ಲಿ ಅಡಿಕೆ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಯೊಳಗೂ ಒಂದು ಕಂಡಿತು, ಆಳೆತ್ತರಕ್ಕಿಂತ ಮೇಲೆ. ಅದನ್ನೂ ಬಿಡಬಹುದಾ?

ತೋಟದಮನೆ ಅಕ್ಕ (ಶಿರಸಿ) ಬರೆದದ್ದು:

ಅದನ್ನು ಬಿಡಬೇಡಿ ತಂಗಿ. ನೆಲದ ಮೇಲಿದ್ದವರು ಓಡಬಹುದು, ಅಡಿಕೆ ಕೊಯ್ಯಲು ಮರದ ಮೇಲಿರುವ ಕೊನೆಗೌಡ ಎಲ್ಲಿಗೆ ಓಡಬೇಕು? ಅಡಿಕೆ ಕೊನೆ ಕೊಯ್ಯಲು, ಬೋರ್ಡೋ ಮದ್ದು ಹೊಡೆಯಲು ಮರ ಹತ್ತಿದವರಿಗೆ ಒಂದು ಹುಳ ಕಣ್ಣಿಗೆ ಹೊಡೆದರೂ ಕೈ ಬಿಟ್ಟುಹೋಗುತ್ತದೆ. ಮೆಣಸು ಕೊಯ್ಯಲು ಏಣಿ ಹಾಕಿದವರ ಪಾಡೂ ಅದೇ. ಈಗ ಫೈಬರ್ ದೋಟಿ ಬಂದಿರುವ ತೋಟದಲ್ಲಿ ಕೆಳಗೇ ನಿಂತು ಕೊನೆ ಇಳಿಸುತ್ತಾರೆ, ಆದರೂ ದೋಟಿ ತಾಗಿದರೆ ಗೂಡು ತಲೆ ಮೇಲೇ ಬೀಳುತ್ತದೆ.

ಇವತ್ತೇ ಆ ಮರಕ್ಕೆ ಕಣ್ಣೆತ್ತರದಲ್ಲಿ ಕೆಂಪು ಬಟ್ಟೆ ಕಟ್ಟಿ. ನೀವು ಏಣಿ ಹಾಕಬೇಡಿ. ಮದ್ದು ಹೊಡೆಯುವ ಉದ್ದ ಪೈಪಿನಲ್ಲಿ ನೆಲದಿಂದಲೇ ಸೋಪಿನ ನೀರು ಮುಟ್ಟುತ್ತದೆಯಾ ಅಂತ ಭಾವನ ಹತ್ತಿರ ಕೇಳಿ, ಮುಟ್ಟುವುದಾದರೆ ಕತ್ತಲಾದ ಮೇಲೆ ಅದೇ ಕ್ರಮ. ಅಲ್ಲಿಯ ತನಕ ಕೆಲಸಕ್ಕೆ ಬಂದವರಿಗೆ ಚಹಾ ಕೊಡುವ ಮೊದಲೇ ಆ ಮರ ತೋರಿಸಿ.