ಅಪ್‌ಡೇಟ್: ಎಇ-1ಗೆ ವೈಂಡರ್ ಹಾಕಿಯೇಬಿಟ್ಟೆ

ನನ್ನ ಫಿಲ್ಮ್ ಕ್ಯಾಮೆರಾ ಕ್ಯಾನನ್ ಎಇ-1ಗೆ ಪವರ್ ವೈಂಡರ್ ಎ (ಪ್ರತಿ ಫೋಟೋ ಆದ ಮೇಲೆ ಫಿಲ್ಮನ್ನು ತಾನೇ ಮುಂದೆ ಸರಿಸುವ ಮೋಟಾರ್) ಬೇಕಾ, ಕೈಯಲ್ಲಿ ಹಿಡಿಯಲು ಬರೀ ಗ್ರಿಪ್ ಸಾಕಾ ಅಂತ ಹಿಂದೆ ಕೇಳಿದ್ದೆ ಅಲ್ವಾ? ವೈಂಡರನ್ನೇ ತೆಗೆದುಕೊಂಡೆ. ಹಳೆಯದು, ಮೊದಲು ತಿರುಗಲೇ ಇಲ್ಲ. ಯಾವಾಗಲೋ ಸೆಲ್ ಸೋರಿ ಒಳಗಿನ ತಗಡಿನ ಮೇಲೆ ಬಿಳಿ ಪುಡಿ ಕಟ್ಟಿತ್ತು. ಹತ್ತಿಗೆ ಸ್ವಲ್ಪ ವಿನೆಗರ್ ತಾಗಿಸಿ ಉಜ್ಜಿದೆ. ಪೂರ್ತಿ ಒಣಗಿದ ಮೇಲೆ 4 ಹೊಸ ಎಎ ಸೆಲ್ ಹಾಕಿದೆ. ಓಡಿತು!

ಸೆಕೆಂಡಿಗೆ 2 ಫ್ರೇಮ್. ಬಟನ್ ಒತ್ತಿಯೇ ಹಿಡಿದರೆ 36ರ ರೋಲ್ ಸುಮಾರು 18 ಸೆಕೆಂಡಿಗೆ ಖಾಲಿ. ಹಾಗಾಗಿ ಬೆರಳು ತಕ್ಷಣ ಎತ್ತುವುದನ್ನು ರೂಢಿ ಮಾಡಿಕೊಂಡೆ. ನನಗೆ ವೇಗಕ್ಕಿಂತ ಇಷ್ಟವಾಗಿದ್ದು, ಫಿಲ್ಮ್ ಮುಂದೆ ಸರಿಸುವ ಲಿವರ್ ಎಳೆಯಲು ವ್ಯೂಫೈಂಡರ್‌ನಿಂದ ಕಣ್ಣು ಸರಿಸಬೇಕಿಲ್ಲ ಅನ್ನುವುದು. ಭಾರ ಜಾಸ್ತಿ, ನಿಜ. ಆದರೆ ಉದ್ದ ಲೆನ್ಸ್ ಹಾಕಿದಾಗ ಆ ಭಾರವೇ ಒಳ್ಳೆಯ ಹಿಡಿತ ಕೊಡುತ್ತದೆ. ರೋಲ್ ಮುಗಿದ ಮೇಲೆ ಫಿಲ್ಮನ್ನು ವಾಪಸ್ ಸುತ್ತುವುದು (ರೀವೈಂಡ್) ಮಾತ್ರ ಕೈಯಲ್ಲೇ.