ಕಚೇರಿ ಆವರಣಗಳ ತೋಟದ ನೀರಾವರಿ ನಿರ್ವಹಣೆಗೆ ದರ ನಿಗದಿ ಮಾಡುವುದು ಹೇಗೆ? ಅನುಭವ ಇರುವವರು ದಯವಿಟ್ಟು ತಿಳಿಸಿ

ಪ್ರಶ್ನೆ ಕೇಳಿದವರು, ಎಲೆಕ್ಟ್ರಾನಿಕ್ ಸಿಟಿ

ಎಂಟು ವರ್ಷ ಲ್ಯಾಂಡ್‌ಸ್ಕೇಪ್ ಸಂಸ್ಥೆಯೊಂದರಲ್ಲಿ ಫಿಟ್ಟರ್ ಆಗಿದ್ದು, ಈಗ ಸ್ವಂತವಾಗಿ ಕೆಲಸ ಹಿಡಿಯುತ್ತಿದ್ದೇನೆ. ಒಂದು ಕಚೇರಿ ಆವರಣದವರು ವಾರ್ಷಿಕ ನಿರ್ವಹಣೆಗೆ ಕೊಟೇಶನ್ ಕೇಳಿದ್ದಾರೆ. ಎರಡು ಎಕರೆ, ಒಂಬತ್ತು ವಾಲ್ವ್ (ತೋಟದ ಒಂದೊಂದು ಭಾಗಕ್ಕೆ ನೀರು ಬಿಡುವವು), ಹುಲ್ಲುಹಾಸಿಗೆ ನೆಲದಿಂದ ಮೇಲೆದ್ದು ನೀರು ಚಿಮುಕಿಸುವ ಪಾಪ್‌ಅಪ್ ಸ್ಪ್ರಿಂಕ್ಲರ್, ಉಳಿದದ್ದಕ್ಕೆ ಡ್ರಿಪ್; ನೀರು ಎಸ್‌ಟಿಪಿಯದು, ಅಂದರೆ ಕೊಳಚೆ ಶುದ್ಧೀಕರಣ ಘಟಕದ್ದು. ಎಕರೆಗೆ ಇಷ್ಟೆಂದು ಹೇಳಬೇಕೇ, ಭೇಟಿಗೆ ಇಷ್ಟೆಂದೇ? ಮಳೆಗಾಲದಲ್ಲಿ ನೀರೇ ಬಿಡದಿರುವಾಗ ಹಣವೇಕೆ ಕೊಡಬೇಕು ಎಂದೂ ಅವರು ಕೇಳುತ್ತಿದ್ದಾರೆ.

ವೈಟ್‌ಫೀಲ್ಡ್‌ನ ಗುತ್ತಿಗೆದಾರ

ಎಕರೆ ಲೆಕ್ಕಕ್ಕೆ ಮಾತ್ರ ಹೋಗಬೇಡಿ. ನಾನು ಹೋಗಿ ಕೈಸುಟ್ಟುಕೊಂಡವನು. 2023ರ ಜುಲೈನಲ್ಲಿ ನಾಲ್ಕು ಎಕರೆಯ ಆವರಣವೊಂದನ್ನು ಎಕರೆಗೆ ವರ್ಷಕ್ಕೆ 60,000 ರೂಪಾಯಿಯಂತೆ, ಬಿಡಿಭಾಗವೂ ಸೇರಿ, 2,40,000ಕ್ಕೆ ಒಪ್ಪಿಕೊಂಡೆ. ಆಗ ಬೋರ್‌ವೆಲ್ ನೀರಿತ್ತು. ಹದಿನೈದು ದಿನಕ್ಕೊಮ್ಮೆ ಫಿಲ್ಟರ್ ತೊಳೆದರೆ ಸಾಕಾಗುತ್ತಿತ್ತು. ಮುಂದಿನ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿತು. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿಯು ಕುಡಿಯುವ ನೀರನ್ನು ತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡ, ಮತ್ತೆ ಮಾಡಿದರೆ ದಿನಕ್ಕೆ 500 ಹೆಚ್ಚುವರಿ ಎಂದು ಆದೇಶ ಹೊರಡಿಸಿದ ಮೇಲೆ ಟ್ಯಾಂಕರ್ ನೀರನ್ನೂ ಮುಟ್ಟುವಂತಿರಲಿಲ್ಲ. ಆವರಣದವರು ಒಂದೇ ವಾರದಲ್ಲಿ ಇಡೀ ವ್ಯವಸ್ಥೆಯನ್ನು ಎಸ್‌ಟಿಪಿ ನೀರಿಗೆ ತಿರುಗಿಸಿದರು. ಡಿಸ್ಕ್ ಫಿಲ್ಟರ್ ಬಿಚ್ಚಿದರೆ ಬಿಲ್ಲೆಗಳ ನಡುವೆ ಲೋಳೆ, ನೆನೆಸಿಟ್ಟ ಕಾಮಕಸ್ತೂರಿ ಬೀಜದಂತೆ ಕೈಗೆ ಅಂಟುತ್ತಿತ್ತು. ತಿಂಗಳಿಗೆ ಎರಡಿದ್ದ ಭೇಟಿ ಎಂಟಾಯಿತು.

ವರ್ಷದ ಲೆಕ್ಕ ಬರೆಯುತ್ತೇನೆ. ಟೆಕ್ನಿಷಿಯನ್‌ನ ಅರ್ಧ ಸಂಬಳ ತಿಂಗಳಿಗೆ 9,500ರಂತೆ 1,14,000. ಸಹಾಯಕನಿಗೆ ತಿಂಗಳಿಗೆ ಹದಿನಾಲ್ಕು ದಿನ, ದಿನಕ್ಕೆ 750ರಂತೆ 1,26,000. ಬಂದ ಹಣವೆಲ್ಲ ಕೂಲಿಗೇ ಹೋಯಿತು. ಅದರ ಮೇಲೆ, ಏಪ್ರಿಲ್‌ನ ಸಿಡಿಲಿಗೆ ಸುಟ್ಟ ಹನ್ನೊಂದು ಸೊಲೆನಾಯ್ಡ್ ಕಾಯಿಲ್‌ಗೆ (ವಾಲ್ವನ್ನು ವಿದ್ಯುತ್ತಿನಿಂದ ತೆರೆಯುವ ಸುರುಳಿ) 9,350, ಹೆಗ್ಗಣ, ಅಳಿಲು ಕಡಿದ ಹದಿನಾರು ಎಂಎಂ ಲ್ಯಾಟರಲ್ (ಡ್ರಿಪ್ ಪೈಪು) 1,200 ಮೀಟರಿಗೆ 14,400, ಹುಲ್ಲು ಕತ್ತರಿಸುವ ಯಂತ್ರಕ್ಕೆ ಸಿಕ್ಕ ಇಪ್ಪತ್ತಾರು ಪಾಪ್‌ಅಪ್‌ಗಳಿಗೆ 16,900, ಆಸಿಡ್, ಕ್ಲೋರಿನ್‌ಗೆ 6,200, ಗಾಡಿಗೆ 21,600. ಒಟ್ಟು 68,450 ರೂಪಾಯಿ ನಷ್ಟ. ನೀರಿನ ಮೂಲ ಬದಲಾದರೆ ದರ ಬದಲಾಗುತ್ತದೆ ಎಂಬ ಒಂದು ಸಾಲು ಕರಾರಿನಲ್ಲಿ ಇದ್ದಿದ್ದರೆ ಇಷ್ಟಾಗುತ್ತಿರಲಿಲ್ಲ.

ತುಮಕೂರು ರಸ್ತೆಯಿಂದ

ಅದು ದರದ ತಪ್ಪಲ್ಲ, ವೈಟ್‌ಫೀಲ್ಡ್‌ನವರೇ, ಕೆಲಸವನ್ನು ಅಳೆಯದೆ ಒಪ್ಪಿಕೊಂಡ ತಪ್ಪು. ನಾನು ಹನ್ನೊಂದು ವರ್ಷದಿಂದ ವಾಲ್ವ್ ಲೆಕ್ಕದಲ್ಲೇ ಬೆಲೆ ಹೇಳುತ್ತಿದ್ದೇನೆ. ಒಂದು ವರ್ಷವೂ ನಷ್ಟವಾಗಿಲ್ಲ.

ಇಪ್ಪತ್ತೆರಡು ವಾಲ್ವ್ ಇರುವ ಒಂದು ಗೋದಾಮು ಸಂಕೀರ್ಣದ್ದು ಹೇಳುತ್ತೇನೆ. ಜನವರಿ ಕೊನೆಗೆ ಬೇಸಿಗೆಯ ತಯಾರಿ, ವಾಲ್ವ್‌ಗೆ 1,200ರಂತೆ 26,400. ಫೆಬ್ರುವರಿಯಿಂದ ಮೇವರೆಗೆ ಎಂಟು ಭೇಟಿ, ತಲಾ 6,500ರಂತೆ 52,000. ಜೂನ್ ಮೊದಲ ವಾರ ಮಳೆಗಾಲಕ್ಕೆ ಮುಚ್ಚುವುದು, ವಾಲ್ವ್‌ಗೆ 700ರಂತೆ 15,400. ಜುಲೈ, ಆಗಸ್ಟ್, ಸೆಪ್ಟೆಂಬರ್‌ನಲ್ಲಿ ತಿಂಗಳಿಗೊಂದು ಸಣ್ಣ ಭೇಟಿ, ತಲಾ 4,000ದಂತೆ 12,000. ಅಕ್ಟೋಬರ್ ಕೊನೆಗೆ ಮತ್ತೆ ತೆರೆಯಲು ವಾಲ್ವ್‌ಗೆ 900ರಂತೆ 19,800. ನವೆಂಬರ್, ಡಿಸೆಂಬರ್ ಭೇಟಿಗಳಿಗೆ 13,000. ಒಟ್ಟು 1,38,600. ಬಿಡಿಭಾಗಗಳಿಗೆ ಖರೀದಿ ಬೆಲೆಯ ಮೇಲೆ ಶೇ. 15 ಸೇರಿಸಿ ಬೇರೆ ಬಿಲ್ ಮಾಡುತ್ತೇನೆ.

ಬೇಸಿಗೆಯ ತಯಾರಿ ಎಂದರೆ ಸುಮ್ಮನೆ ವಾಲ್ವ್ ತಿರುಗಿಸಿ ನೋಡುವುದಲ್ಲ. ಪ್ರತಿ ಲೈನ್‌ನ ಮೊದಲ, ನಡುವಿನ ಮತ್ತು ಕೊನೆಯ ಡ್ರಿಪ್ಪರ್‌ಗಳ ಕೆಳಗೆ ಬಾಟಲಿ ಇಟ್ಟು ಆರು ನಿಮಿಷ ಹಿಡಿಯುತ್ತೇನೆ. ಗಂಟೆಗೆ ನಾಲ್ಕು ಲೀಟರಿನ ಡ್ರಿಪ್ಪರ್ ಆರು ನಿಮಿಷಕ್ಕೆ 400 ಮಿಲಿಲೀಟರ್ ಕೊಡಬೇಕು. 300ಕ್ಕಿಂತ ಕೆಳಗೆ ಇಳಿದಿದ್ದರೆ ಆ ಲೈನ್‌ಗೆ ಆಸಿಡ್ ಚಿಕಿತ್ಸೆ (ಒಳಗೆ ಕಟ್ಟಿದ್ದನ್ನು ಕರಗಿಸಲು ಆಸಿಡ್ ಹಾಯಿಸುವುದು) ಬೇಕೆಂದು ಬರೆದು, ಅವರ ಮನುಷ್ಯನಿಂದ ಸಹಿ ಮಾಡಿಸಿಕೊಳ್ಳುತ್ತೇನೆ. ಆ ಅಳತೆಯ ಪಟ್ಟಿ ಕೈಯಲ್ಲಿರುವುದರಿಂದ ನನ್ನ ದರವನ್ನು ಯಾರೂ ಪ್ರಶ್ನಿಸಿಲ್ಲ.

ಹೊರವರ್ತುಲ ರಸ್ತೆಯ ಫೆಸಿಲಿಟಿ ಮ್ಯಾನೇಜರ್

ಹಣ ಕೊಡುವವರ ಕಷ್ಟವನ್ನೂ ಕೇಳಿ. ಭೇಟಿಗೆ ಇಷ್ಟೆಂದು ಬಿಲ್ ಮಾಡುವವರನ್ನು ನಂಬಿ ನಾನು ಕೆಟ್ಟಿದ್ದೇನೆ. ಬಂದವರು ವಾಲ್ವ್‌ಗಳನ್ನು ಸಮಯಕ್ಕೆ ತೆರೆದು ಮುಚ್ಚುವ ಕಂಟ್ರೋಲರ್ ಮುಂದೆ ನಿಂತು ಫೋಟೊ ತೆಗೆದು, ರಿಜಿಸ್ಟರ್‌ನಲ್ಲಿ ಸಹಿ ಹಾಕಿ ಹೋಗುತ್ತಿದ್ದರು. 2024ರ ಏಪ್ರಿಲ್‌ನಲ್ಲಿ ಎರಡು ವಾಲ್ವ್ ತೆರೆಯದೆ ಒಂಬತ್ತು ದಿನ ಹಾಗೇ ಇದ್ದವು; ಕಂಟ್ರೋಲರ್ ಪರದೆಯಲ್ಲಿ ಮಾತ್ರ ಎಲ್ಲವೂ ಸರಿಯಾಗಿತ್ತು. ಆರು ಸಾವಿರ ಚದರ ಅಡಿ ಹುಲ್ಲುಹಾಸು ಒಣಗಿತು. ಅಡಿಗೆ 28 ರೂಪಾಯಿಯಂತೆ ಹೊಸದಾಗಿ ಹಾಸಲು 1,68,000 ಖರ್ಚಾಯಿತು. ವರ್ಷಕ್ಕೆ 30,000 ಉಳಿಸಲು ಹೋಗಿ ಆದ ನಷ್ಟಕ್ಕೆ ಆಡಳಿತದವರ ಮುಂದೆ ತಲೆತಗ್ಗಿಸಿ ನಿಂತವನು ನಾನು.

ಈಗ ನಾನು ಇಡೀ ವರ್ಷಕ್ಕೆ ಒಂದೇ ಮೊತ್ತ, ಹುಲ್ಲು ಒಣಗಿದರೆ ದಂಡ ಎಂಬ ಕರಾರಿಗೆ ಮಾತ್ರ ಸಹಿ ಹಾಕುತ್ತೇನೆ. ತುಮಕೂರು ರಸ್ತೆಯವರ ಶೇ. 15 ನನ್ನ ಮಟ್ಟಿಗೆ ಅನ್ಯಾಯ. 850 ರೂಪಾಯಿಯ ಕಾಯಿಲ್ ಅನ್ನು ಅಂಗಡಿಯಿಂದ ತರಲು ಅಷ್ಟೇಕೆ?

ತುಮಕೂರು ರಸ್ತೆಯಿಂದ

ಆ ಕಾಯಿಲ್ ತರಲು ನನ್ನ ಹುಡುಗ ಅರ್ಧ ದಿನ ಓಡಾಡುತ್ತಾನೆ. ತಂದದ್ದು ಆರು ತಿಂಗಳಲ್ಲಿ ಹೋದರೆ ಬದಲಿಸಿಕೊಡುವವನೂ ನಾನೇ. ಸುಳ್ಳು ಫೋಟೊ ಕಳಿಸಿದ ಯಾರೋ ಒಬ್ಬನ ತಪ್ಪಿಗೆ ನಮ್ಮೆಲ್ಲರನ್ನೂ ಕಳ್ಳರೆನ್ನುವುದು ನ್ಯಾಯವಲ್ಲ. ಒಂಬತ್ತು ದಿನ ಹುಲ್ಲು ಒಣಗುತ್ತಿದ್ದಾಗ ಆವರಣದಲ್ಲೇ ಇದ್ದ ನಿಮ್ಮ ಮಾಲಿಗಳು ಏನು ನೋಡುತ್ತಿದ್ದರು ಎಂಬುದಕ್ಕೂ ಉತ್ತರ ಬೇಕಲ್ಲವೇ?

ವೈಟ್‌ಫೀಲ್ಡ್‌ನ ಗುತ್ತಿಗೆದಾರ

ದಂಡದ ಮಾತು ಬಂದದ್ದರಿಂದ ಕೇಳುತ್ತೇನೆ: ಬಿಲ್ ತಡಮಾಡಿದ್ದಕ್ಕೆ ದಂಡ ಯಾರಿಗೆ? ಆ ನಾಲ್ಕು ಎಕರೆಯ ಕೊನೆಯ ಎರಡು ತಿಂಗಳ 40,000 ರೂಪಾಯಿ ನನಗೆ ಬಂದದ್ದು ಏಳು ತಿಂಗಳ ಮೇಲೆ. ಎಂಎಸ್‌ಎಂಇ (ಸಣ್ಣ ಉದ್ಯಮಗಳ) ಕಾಯ್ದೆಯ ಪ್ರಕಾರ, ಸರ್ಕಾರದ ಉದ್ಯಮ್ ನೋಂದಣಿ ಇರುವ ಸಣ್ಣವರಿಗೆ, ಕರಾರಿನಲ್ಲಿ ಎಷ್ಟೇ ದಿನ ಬರೆದಿದ್ದರೂ, 45 ದಿನದೊಳಗೆ ಹಣ ಕೊಡಬೇಕು. 2023–24ರ ಆರ್ಥಿಕ ವರ್ಷದಿಂದ, ಹಾಗೆ ಕೊಡದ ಮೊತ್ತವನ್ನು ಪಾವತಿಸುವವರೆಗೆ ಆದಾಯ ತೆರಿಗೆಯಲ್ಲಿ ಖರ್ಚೆಂದು ತೋರಿಸುವಂತೆಯೂ ಇಲ್ಲ. ಇದನ್ನು ಹೇಳಿದರೆ ಮುಂದಿನ ವರ್ಷದ ಪಿಒ (ಕೆಲಸದ ಆದೇಶಪತ್ರ) ಸಿಗುವುದಿಲ್ಲ. ತುಮಕೂರು ರಸ್ತೆಯವರು ಒಂದು ವರ್ಷವೂ ನಷ್ಟವಿಲ್ಲ ಎಂದು ಬರೆದದ್ದನ್ನು ಓದಿ ನನಗೆ ನೋವಾಗಿದೆ.

ಫೆಸಿಲಿಟಿ ಮ್ಯಾನೇಜರ್

ಸರ್ವಿಸ್ ರಿಪೋರ್ಟ್ ಲಗತ್ತಿಸದ ಬಿಲ್ ಅನ್ನು ಅಕೌಂಟ್ಸ್‌ನವರು ತೆಗೆದುಕೊಳ್ಳುವುದಿಲ್ಲ, ಅದು ನನ್ನ ಕೈಯಲ್ಲಿಲ್ಲ. ಇನ್ನೊಬ್ಬರ ಆವರಣದ ತಪ್ಪನ್ನು ನನ್ನ ತಲೆಗೆ ಕಟ್ಟಬೇಡಿ.

ಹೆಬ್ಬಾಳದಿಂದ

ನೀವೆಲ್ಲ ಆಸಿಡ್ ಚಿಕಿತ್ಸೆ ಎಂದು ಒಂದು ಪದದಲ್ಲಿ ಬರೆದು ಮುಂದೆ ಹೋಗಿದ್ದೀರಿ. ಹಿಂದಿನ ಫೆಬ್ರುವರಿಯಲ್ಲಿ ನನ್ನ ಹುಡುಗ ಬೆಳಿಗ್ಗೆ ಹೈಪೋಕ್ಲೋರೈಟ್ (ಕ್ಲೋರಿನ್ ದ್ರಾವಣ) ಕಲಸಿದ ಬಕೆಟ್ಟಿಗೇ ಮಧ್ಯಾಹ್ನ ಆಸಿಡ್ ಸುರಿದ. ಮೇಲೆದ್ದ ಕ್ಲೋರಿನ್ ಅನಿಲ ನೇರ ಎದೆಗೆ ಹೋಯಿತು. ಪಂಪ್‌ರೂಮಿಗೆ ಕಿಟಕಿಯೂ ಇರಲಿಲ್ಲ; ಅವನನ್ನು ಎಳೆದು ಹೊರಗೆ ತಂದವನು ಸೆಕ್ಯುರಿಟಿ ಗಾರ್ಡ್. ಮೂರು ದಿನ ಆಸ್ಪತ್ರೆ, 46,000 ರೂಪಾಯಿ. ನಾವು ಒಟ್ಟು ನಾಲ್ಕೇ ಜನ, ಆದ್ದರಿಂದ ಇಎಸ್‌ಐ (ನೌಕರರ ಸರ್ಕಾರಿ ಆರೋಗ್ಯ ವಿಮೆ) ಇರಲಿಲ್ಲ. ಹುಡುಗ ಈಗ ಚೆನ್ನಾಗಿದ್ದಾನೆ, ಆದರೆ ಅವನ ತಾಯಿ ಆ ದಿನ ಆಸ್ಪತ್ರೆಯ ಬಾಗಿಲಲ್ಲಿ ನನ್ನನ್ನು ಏನೂ ಕೇಳದೆ ಸುಮ್ಮನೆ ನೋಡಿದ್ದು ನನಗೆ ಮರೆಯುವುದಿಲ್ಲ.

ಆಮೇಲೆ ನಾನು ಆಸಿಡ್ ಮತ್ತು ಕ್ಲೋರಿನ್ ಕೆಲಸಗಳನ್ನು ಬೇರೆ ಬೇರೆ ದಿನಕ್ಕೆ ಇಟ್ಟಿದ್ದೇನೆ. ಬಕೆಟ್‌ಗಳ ಬಣ್ಣವೂ ಬೇರೆ. ಕಾರ್ಮಿಕ ಪರಿಹಾರ ವಿಮೆಯ ಕಂತು, ಕನ್ನಡಕ, ಕೈಗವಸುಗಳ ಖರ್ಚನ್ನು ಕೊಟೇಶನ್‌ನಲ್ಲಿ ಪ್ರತ್ಯೇಕ ಸಾಲಾಗಿ ತೋರಿಸುತ್ತೇನೆ. ಅದನ್ನು ತೆಗೆಯಿರಿ ಎಂದ ಇಬ್ಬರ ಕೆಲಸವನ್ನು ಬಿಟ್ಟಿದ್ದೇನೆ.

ಇಲಿನಾಯ್‌ನಿಂದ, ಮೂಲ ಹಾಸನ

ಇಲ್ಲಿ ಚಳಿಗೆ ಪೈಪಿನ ನೀರು ಹೆಪ್ಪುಗಟ್ಟಿ ಒಡೆಯುವುದರಿಂದ, ಅಕ್ಟೋಬರ್‌ನಲ್ಲಿ ಕಂಪ್ರೆಸರ್ ಹಚ್ಚಿ ಲೈನ್‌ಗಳನ್ನು ಗಾಳಿಯಿಂದ ಖಾಲಿ ಮಾಡುತ್ತೇವೆ. ವಸಂತದಲ್ಲಿ ತೆರೆಯುವುದು, ಶರತ್ಕಾಲದಲ್ಲಿ ಮುಚ್ಚುವುದು, ಎರಡಕ್ಕೂ ನಿಗದಿತ ದರವಿರುತ್ತದೆ. ನಡುವೆ ಬಂದ ರಿಪೇರಿಗೆ ಗಂಟೆ ಲೆಕ್ಕ. ಅಲ್ಲಿಯೂ ಹಾಗೆ ಮಾಡಬಹುದಲ್ಲವೇ?

ತುಮಕೂರು ರಸ್ತೆಯಿಂದ

ಮಾಡುತ್ತಿರುವುದು ಅದನ್ನೇ, ಮೇಲೆ ಓದಿ. ಆದರೆ ನಿಮ್ಮಲ್ಲಿ ಮುಚ್ಚಿದ ಮೇಲೆ ವಸಂತದವರೆಗೆ ಯಾರೂ ನೋಡಬೇಕಿಲ್ಲ. ನಮ್ಮಲ್ಲಿ ಜುಲೈನಲ್ಲಿ ಎರಡು ವಾರ ಮಳೆ ಕೈಕೊಟ್ಟರೆ ಮತ್ತೆ ನೀರು ಬಿಡಬೇಕು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ನಾಳೆ ಹೋಗಿ ಬಾಟಲಿ ಇಟ್ಟು ಅಳೆಯುತ್ತೇನೆ. ಆದರೆ ಮಳೆಗಾಲದ ಹಣದ ಪ್ರಶ್ನೆಗೆ ನಾನು ಅವರಿಗೆ ಏನು ಹೇಳಲಿ?

ಹೆಬ್ಬಾಳದಿಂದ

ಜೂನ್‌ನಿಂದ ಅಕ್ಟೋಬರ್‌ವರೆಗೆ ಎಷ್ಟು ಎಂಬ ಲೆಕ್ಕವನ್ನೇ ಅವರ ಮುಂದೆ ಇಡಬೇಡಿ. ವರ್ಷದ ಒಟ್ಟು ಕೆಲಸಕ್ಕೆ ಒಂದು ಮೊತ್ತ ನಿಗದಿ ಮಾಡಿ, ಅದನ್ನು ಹನ್ನೆರಡು ಸಮಾನ ಕಂತು ಮಾಡಿ. ಮಳೆಗಾಲದಲ್ಲಿ ನೀವು ಮಾಡುವ ಕೆಲಸವನ್ನು ದಿನಾಂಕ ಸಹಿತ ಬರೆದುಕೊಡಿ: ಪೈಪಿನ ತುದಿಯ ಎಂಡ್ ಕ್ಯಾಪ್ ಬಿಚ್ಚಿ ಲೈನ್ ತೊಳೆಯುವುದು, ವಾಲ್ವ್ ಚೇಂಬರಿನಲ್ಲಿ ನಿಂತ ನೀರು ತೆಗೆಯುವುದು, ಫಿಲ್ಟರ್ ಒಣಗಿಸಿ ಇಡುವುದು, ಕಂಟ್ರೋಲರ್ ಪೆಟ್ಟಿಗೆಗೆ ಇರುವೆ ಸೇರದಂತೆ ನೋಡುವುದು. ಒಂದು ಮಳೆಗಾಲ ನಾನು ಚೇಂಬರ್‌ಗಳನ್ನು ನೋಡದೆ ಬಿಟ್ಟಿದ್ದೆ. ಅಕ್ಟೋಬರ್‌ನಲ್ಲಿ ಮುಚ್ಚಳ ಎತ್ತಿದಾಗ ಏಳು ವಾಲ್ವ್‌ಗಳ ವೈರ್ ಜೋಡಣೆ ಕೆಸರಿನಲ್ಲಿ ಹಸಿರುಗಟ್ಟಿ, ಮುಟ್ಟಿದರೆ ಪುಡಿಯಾಗಿ ಉದುರುತ್ತಿತ್ತು. ಆ ಫೋಟೊ ನನ್ನ ಬಳಿ ಇದೆ, ಕಳಿಸುತ್ತೇನೆ. ಕೊಟೇಶನ್ ಜೊತೆ ಅವರಿಗೆ ತೋರಿಸಿ.