ರುಂಗೆಯ ಮಕ್ಕಳ ಚಿತ್ರ ನಕಲು ಮಾಡಿ ತೈಲವರ್ಣ ಕಲಿತವರ ಅನುಭವಗಳು

ಪ್ರಶ್ನೆ: ಜಲವರ್ಣದ ನಿಸರ್ಗಚಿತ್ರಗಳಲ್ಲಿ ಕೈ ಪಳಗಿದೆ. ಈಗ ತೈಲವರ್ಣದಲ್ಲಿ ಭಾವಚಿತ್ರ ಕಲಿಯುವ ಆಸೆ. ಜರ್ಮನ್ ಕಲಾವಿದ ಫಿಲಿಪ್ ಓಟ್ಟೊ ರುಂಗೆ 1805–06ರಲ್ಲಿ ರಚಿಸಿದ ‘ಹ್ಯೂಲ್ಸೆನ್‌ಬೆಕ್ ಮಕ್ಕಳು’ ಚಿತ್ರವನ್ನು ನಕಲು ಮಾಡಬೇಕೆಂದಿದ್ದೇನೆ. ಎಲ್ಲಿಂದ ಆರಂಭಿಸಲಿ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ 1: ಮೂವರು ಮಕ್ಕಳನ್ನೂ ಒಟ್ಟಿಗೆ ಕೈಗೆತ್ತಿಕೊಳ್ಳಬೇಡಿ. ನಾನು ಹಾಗೆ ಮಾಡಿ ಮೂರು ತಿಂಗಳು ಕಳೆದೆ. ಬೇಲಿ, ಸೂರ್ಯಕಾಂತಿ, ಗಾಡಿ ಎಲ್ಲವೂ ಮುಗಿದವು, ಮುಖಗಳು ಮಾತ್ರ ಕೂಡಿಬರಲಿಲ್ಲ. ಎರಡನೆಯ ಸಲ ಗಾಡಿಯಲ್ಲಿ ಕುಳಿತ ಪುಟ್ಟ ಫ್ರೀಡ್ರಿಶ್‌ನ ತಲೆಯನ್ನಷ್ಟೇ ಒಂದಡಿ ಕ್ಯಾನ್ವಾಸಿನ ಮೇಲೆ ಬರೆದೆ. ನಾನು ಕಲಿತದ್ದು ಅಲ್ಲಿ.

ಮೊದಲ ಪ್ರಯತ್ನದಲ್ಲಿ ಮಗುವಿನ ಮುಖಕ್ಕೆ ಮುದುಕನ ಕಳೆ ಬಂದಿತ್ತು. ಕಾರಣ ತಿಳಿಯಲು ವಾರಗಳೇ ಬೇಕಾದವು. ದೊಡ್ಡವರಲ್ಲಿ ಕಣ್ಣುಗಳು ತಲೆಯ ನಡುಮಟ್ಟದಲ್ಲಿರುತ್ತವೆ. ಎಳೆಯ ಮಗುವಿನಲ್ಲಿ ಅವು ಅದಕ್ಕಿಂತ ಕೆಳಗೆ. ಹಣೆ ದೊಡ್ಡದು, ಮೂಗು ಗಿಡ್ಡ. ನಾನು ಅಭ್ಯಾಸಬಲದಿಂದ ಕಣ್ಣುಗಳನ್ನು ಮೇಲೇರಿಸಿದ್ದೆ. ಸಾಲದ್ದಕ್ಕೆ ಮೂಗಿನ ಬದಿಯಿಂದ ಬಾಯಿಯ ಅಂಚಿಗೆ ಇಳಿಯುವ ನೆರಳನ್ನು ಗೆರೆಯಂತೆ ಎಳೆದಿದ್ದೆ. ಮಗುವಿನ ಕೆನ್ನೆಯಲ್ಲಿ ಗೆರೆ ಎಂಬುದೇ ಇಲ್ಲ. ಬಣ್ಣ ಹಸಿಯಾಗಿರುವಾಗಲೇ ಒಣ ಕುಂಚವನ್ನು ಮೃದುವಾಗಿ ಆಡಿಸಿ, ನೆರಳು ಬೆಳಕಿನೊಳಗೆ ಕರಗುವಂತೆ ಮಾಡಬೇಕು. ಆ ಒಂದು ಕೆನ್ನೆಗೆ ನಾನು ನಾಲ್ಕು ಸಂಜೆ ಕೊಟ್ಟೆ.

ಕ್ರಮ ಹೀಗಿರಲಿ: ಮೊದಲು ಟರ್ಪೆಂಟೈನ್‌ನಲ್ಲಿ ತೆಳುವಾಗಿಸಿದ ಅಂಬರ್ ಕಂದು ಒಂದರಲ್ಲೇ ಬೆಳಕು, ನೆರಳು ಕೂರಿಸಿ. ಬೆಳಕು ಬೀಳುವ ಕಡೆ ಬಟ್ಟೆಯಿಂದ ಒರೆಸಿ. ಅದು ಒಣಗಿದ ಮೇಲೆ ಬಣ್ಣ. ಅಂಗಡಿಯಲ್ಲಿ ‘ಚರ್ಮದ ಬಣ್ಣ’ ಎಂದು ಸಿಗುವ ಟ್ಯೂಬನ್ನು ದಯವಿಟ್ಟು ಕೊಳ್ಳಬೇಡಿ. ಬಿಳಿ, ಹಳದಿ ಓಕರ್, ಒಂದು ಕೆಂಪು, ನೆರಳಿಗೆ ತುಸು ಮಂಕು ಹಸಿರು ಸಾಕು. ಹಸಿರು ಎಂದರೆ ಅಳುಕಬೇಡಿ. ಪಕ್ಕದಲ್ಲಿ ಅದಿದ್ದರೇ ಕೆನ್ನೆಯ ಕೆಂಪಿಗೆ ಜೀವ ಬರುತ್ತದೆ.

ಉತ್ತರ 2: ನಮ್ಮದು ಮಲೆನಾಡು. ಮಳೆಗಾಲದಲ್ಲಿ ಆರಂಭಿಸಿ ಪೆಟ್ಟು ತಿಂದೆ. ಒಂದು ಪದರ ಒಣಗಲು ಎಷ್ಟು ಕಾದರೂ ಸಾಲದು. ಅವಸರಪಟ್ಟು ಎಣ್ಣೆ ಹೆಚ್ಚಿದ್ದ ಪದರದ ಮೇಲೆ ಎಣ್ಣೆ ಕಡಿಮೆಯಿದ್ದ ಬಣ್ಣ ಹಚ್ಚಿದೆ. ಮುಂದಿನ ಬೇಸಿಗೆಗೆ ಹಣೆಯ ಮೇಲೆ ಬಿರುಕು ಬಿಟ್ಟಿತು. ಕೆಳಗಿನ ಪದರದಲ್ಲಿ ಅಗಸೆ ಎಣ್ಣೆ ಕಡಿಮೆ, ಮೇಲೇರಿದಂತೆ ಹೆಚ್ಚು: ಇದನ್ನು ತಪ್ಪಿಸಬೇಡಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಲೂಬೇಡಿ. ಅದು ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದು. ಹರಡಿ ಒಣಗಿಸಿ.

ಉತ್ತರ 3: ಕೆಲಸದ ನಿಮಿತ್ತ ಜರ್ಮನಿಯಲ್ಲಿದ್ದಾಗ ಹ್ಯಾಂಬರ್ಗ್‌ನ ಕಲಾ ಸಂಗ್ರಹಾಲಯ ಕುನ್ಸ್ಟ್‌ಹಾಲೆಯಲ್ಲಿ ಮೂಲಚಿತ್ರ ನೋಡಿದೆ. ಸುಮಾರು 130 ಸೆಂಟಿಮೀಟರ್ ಎತ್ತರ, ಅಗಲ ಇನ್ನೂ ಹೆಚ್ಚು. ಮೊಬೈಲ್ ಪರದೆಯಲ್ಲಿ ನೋಡಿದಾಗ ಅವರು ಮುದ್ದು ಮಕ್ಕಳು. ಎದುರಿಗೆ ನಿಂತಾಗ ಹಾಗಲ್ಲ. ರುಂಗೆ ನೋಟವನ್ನು ಮಕ್ಕಳ ಎತ್ತರಕ್ಕೇ ಇಳಿಸಿದ್ದಾನೆ, ಹಾಗಾಗಿ ಸೂರ್ಯಕಾಂತಿ ಗಿಡ ಮರದಷ್ಟು ದೊಡ್ಡದಾಗಿ ಕಾಣುತ್ತದೆ. ಚಾಟಿ ಎತ್ತಿದ ಆಗಸ್ಟ್ ನೇರವಾಗಿ ನಮ್ಮನ್ನೇ ನೋಡುತ್ತಾನೆ, ಅಕ್ಕ ಮರಿಯಾ ಪುಟ್ಟ ತಮ್ಮ ಫ್ರೀಡ್ರಿಶ್‌ನ ಕಡೆ ತಿರುಗಿದ್ದಾಳೆ. ಮುಖ ಕೈಗೆ ಹತ್ತಿದ ಮೇಲೆ ಫ್ರೀಡ್ರಿಶ್‌ನ ಮುಷ್ಟಿಯನ್ನು ಬಿಡಿಯಾಗಿ ಅಭ್ಯಾಸ ಮಾಡಿ. ಗಿಡದ ಎಲೆಯನ್ನು ಅವನು ಹಿಡಿದಿರುವ ಬಿಗಿಯನ್ನು ನೋಡಿ: ಬಿಡಿಸಲು ಹೋದರೆ ಎಲೆ ಹರಿಯುತ್ತದೆಯೇ ಹೊರತು ಕೈ ಬಿಡುವುದಿಲ್ಲ.